ಮೂಸಣ್ಣ ತರಬೇತಿಗೆ ಹೋದದ್ದು

ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಅಗ್ನಿಶಾಮಕ ಠಾಣೆಯಲ್ಲಿ, ಪೊಲೀಸರಲ್ಲಿ, ಕೋರ್ಟಿನ ಜವಾನರ ಬಾಯಲ್ಲಿ ಅವನು ಮೂಸಣ್ಣ. ಬೆಂಕಿ ಆರಿ, ಕಪ್ಪು ನೀರು ಮೆಟ್ಟಿಲಿಳಿದು ಬೀದಿಗೆ ಹರಿಯುವ ಹೊತ್ತಿಗೆ ಅವನು ಒಳಗೆ ಹೋಗುತ್ತಿದ್ದ. ಮೊಣಕಾಲೂರಿ ಒಂದು ಚಿಟಿಕೆ ಬೂದಿ ಎತ್ತಿ, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ತಲೆ ತೂಗುತ್ತಿದ್ದ. ಉಳಿದವರು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಕೊನೆಗೆ ಅವನ ಬಾಯಿಂದ ಬರುತ್ತಿದ್ದದ್ದು ಎರಡೇ ಮಾತು. ಒಂದು, "ಸುರಿದಿದಾರೆ." ಇನ್ನೊಂದು, "ಶಾರ್ಟ್ ಸರ್ಕ್ಯೂಟ್."

ಬಡವರ ಅಂಗಡಿ ಸುಟ್ಟರೆ ಸುರಿದಿರುತ್ತಿದ್ದರು. ದೊಡ್ಡವರ ಗೋದಾಮು ಸುಟ್ಟರೆ ಶಾರ್ಟ್ ಸರ್ಕ್ಯೂಟ್ ಆಗಿರುತ್ತಿತ್ತು. ಇದರಲ್ಲಿ ಮೂಸಣ್ಣನ ಕುತಂತ್ರವೇನೂ ಇಲ್ಲ, ಪಾಪ. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆಯ ವಾಸನೆ ತಾನೇ ಮೂಗಿಗೆ ಬರುವುದು?

ಆಸ್ಪತ್ರೆಯ ವಾರ್ಡಿನಲ್ಲಿ ನರ್ಸಾಗಿದ್ದ ಅವನ ಹೆಂಡತಿಗೆ ಮಾತ್ರ ಈ ಮೂಗಿನ ಮೇಲೆ ಭಕ್ತಿ ಇರಲಿಲ್ಲ. "ಊರವರ ಸೀಮೆಎಣ್ಣೆಯೆಲ್ಲ ಇವರ ಮೂಗಿಗೆ ಬಡಿಯುತ್ತೆ. ಎದುರಿಗೇ ಹಾಲು ಸೀದು ತಳ ಹತ್ತಿದ್ರೆ ಪೇಪರ್ ಓದ್ತಾ ಕೂತಿರ್ತಾರೆ" ಅನ್ನುತ್ತಿದ್ದಳು.

ಹಾಗಂತ ಅವನು ಕೈಲಾಗದವನಲ್ಲ. ಇಪ್ಪತ್ತೆಂಟು ವರ್ಷ ಪೈಪು ಹಿಡಿದ ಕೈ. ಎಡಗಿವಿಯ ತುದಿ ಕರಗಿ ಅಂಟಿಕೊಂಡಿತ್ತು. ಮೂರನೇ ಮಹಡಿಯಿಂದ ಒಬ್ಬ ಮುದುಕನನ್ನು ಹೊತ್ತು ತಂದದ್ದಕ್ಕೆ ಸಿಕ್ಕಿದ ಬಹುಮಾನ ಅದು. ಇಲಾಖೆ ಕೊಟ್ಟ ಬಹುಮಾನ ಒಂದು ಗೋಡೆ ಗಡಿಯಾರ. ಅದು ಎರಡೇ ತಿಂಗಳಿಗೆ ನಿಂತಿತು. ಬೆಂಕಿ ಆರಿಸುವುದನ್ನು ಅವನಿಗೆ ಕಲಿಸಿದ್ದರು. ಬೆಂಕಿ ಹೇಗೆ ಹತ್ತಿತು ಅಂತ ಕಂಡುಹಿಡಿಯುವುದನ್ನು ಯಾರೂ ಕಲಿಸಿರಲಿಲ್ಲ. ಹಿಂದಿನವರು ಮೂಸುತ್ತಿದ್ದರು, ಇವನೂ ಮೂಸಿದ.

ಗಾದಿಯಕ್ಕನ ಅಂಗಡಿಯನ್ನೂ ಹೀಗೇ ಮೂಸಿದ್ದ.

ಗಾದಿಯಕ್ಕ ಅಂದರೆ ಹಳೇ ಮೂರಂತಸ್ತಿನ ಕಟ್ಟಡವೊಂದರ ಕೆಳಗಡೆ ಹನ್ನೊಂದು ವರ್ಷದಿಂದ ಗಾದಿ, ದಿಂಬು ಹೊಲಿಯುತ್ತಿದ್ದ ಹೆಂಗಸು. ಒಂದು ಹೊಲಿಗೆ ಯಂತ್ರ, ಸೂರಿನವರೆಗೆ ಪೇರಿಸಿದ ಫೋಮಿನ ಹಾಳೆಗಳು, ಆಚೆ ಬೀದಿಗೂ ಕೇಳಿಸುವ ಗಂಟಲು. ಇಷ್ಟೇ ಅವಳ ಆಸ್ತಿ. ಕಟ್ಟಡ ಕೆಡವಿ ಹೊಸದು ಎಬ್ಬಿಸಬೇಕು ಅಂತ ಮಾಲೀಕನಿಗೆ ಆಸೆ. ಉಳಿದ ಬಾಡಿಗೆದಾರರೆಲ್ಲ ಜಾಗ ಖಾಲಿ ಮಾಡಿದ್ದರು, ಇವಳು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಒಂದು ದಿನ ಬೀದಿಯಲ್ಲೇ ಜಗಳ ಹತ್ತಿತು. "ನಿಂಗೆ ಬಿಟ್ಟುಕೊಡೋ ಬದ್ಲು ನಾನೇ ಬೆಂಕಿ ಇಟ್ಟು ಹೋಗ್ತೀನಿ ಕಣಯ್ಯಾ!" ಅಂತ ಅವಳು ಕಿರುಚಿದ್ದನ್ನು ನಲವತ್ತು ಜನ ಕೇಳಿದರು. ಮೂರನೇ ದಿನ ನಡುಮಧ್ಯಾಹ್ನ, ಅವಳು ಬಾಗಿಲು ಹಾಕಿ ಊಟಕ್ಕೆ ಮನೆಗೆ ಹೋದಾಗ, ಅಂಗಡಿಗೆ ಬೆಂಕಿ ಬಿತ್ತು.

ಬೆಂಕಿ ಆರಿದ ಮೇಲೆ ಹೊಸ್ತಿಲಲ್ಲಿ ನಿಂತು ಇನ್ಸ್‌ಪೆಕ್ಟರು ಮೂಸಣ್ಣನನ್ನು ಕೇಳಿದ್ದು ಒಂದೇ ಪ್ರಶ್ನೆ: "ಆ ಹೆಂಗಸು ಎಷ್ಟು ಸುರಿದಿದಾಳೆ, ಸ್ವಲ್ಪ ನೋಡಿ ಹೇಳಿ."

ಮೂಸಣ್ಣ ನೋಡಿದ. ನೆಲದ ಮೇಲೆ ನೀರು ಚೆಲ್ಲಿದ ಹಾಗೆ ಅಂಕುಡೊಂಕಾದ ಕಪ್ಪು ಕಲೆಗಳು, ಬಾಗಿಲಿಂದ ಮೂಲೆಯವರೆಗೆ. ಮೂಸಿದ. ಪೆಟ್ರೋಲಿನಂಥ ಘಾಟು. "ಎರಡು ಲೀಟರಿಗೆ ಕಮ್ಮಿ ಇಲ್ಲ" ಅಂದ. ಅಂಗಡಿಯ ಬೂದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಲ್ಯಾಬಿಗೆ ಕಳಿಸಿದರು. ಲ್ಯಾಬಿನವರು ಎಣ್ಣೆಯ ಅಂಶ ಇಲ್ಲವೆಂದು ಬರೆದರು. ಮೂಸಣ್ಣ ಅದರ ಕೆಳಗೆ, "ಬೆಂಕಿ ಆರಿಸಲು ಬಳಸಿದ ನೀರಿನಲ್ಲಿ ತೊಳೆದುಹೋಗಿದೆ" ಎಂದು ಸೇರಿಸಿ ಸಹಿ ಹಾಕಿದ. ಅಂದರೆ ಎಣ್ಣೆ ಸಿಕ್ಕಿದ್ದರೆ ಅವಳು ಸುರಿದದ್ದು. ಸಿಗದಿದ್ದರೆ ಅವಳು ಸುರಿದದ್ದನ್ನು ಇವರು ತೊಳೆದದ್ದು. ನ್ಯಾಯ ಅಂದರೆ ಹೀಗಿರಬೇಕು, ಯಾವ ಬಾಗಿಲಿಂದ ಹೊರಟರೂ ಜೈಲಿಗೇ ಹೋಗಿ ಮುಟ್ಟಬೇಕು.

ಗಾದಿಯಕ್ಕ ಜೈಲು ಸೇರಿದಳು. ಎರಡು ಸಲ ಜಾಮೀನು ಕೇಳಿದಳು, ಎರಡು ಸಲವೂ ಆ ವರದಿ ಅಡ್ಡ ಬಂತು. ಉರಿಯುವ ಮನೆಯಲ್ಲಿ ಗಳ ಹಿರಿಯುವವರ ಕಥೆ ಗೊತ್ತಲ್ಲ. ಮಾಲೀಕ ಹದಿನೈದೇ ದಿನದಲ್ಲಿ ಕಟ್ಟಡ ಕೆಡವಿ ಪಾಯ ತೋಡಿಸಿದ.

ಏಳು ತಿಂಗಳು ಕಳೆದು ಸಾಕ್ಷಿ ಹೇಳುವ ದಿನ ಹತ್ತಿರ ಬಂತು. ಸರ್ಕಾರಿ ವಕೀಲ ಮೂಸಣ್ಣನನ್ನು ಕರೆಸಿದ. "ಏನ್ರೀ, ಆ ಕಡೆ ವಕೀಲ ನಿಮ್ಮ ಅರ್ಹತೆ ಏನು ಅಂತ ಕೇಳಿದ್ರೆ ಏನು ಬರೆಸೋದು? ಮೂಗು ಅಂತಾನಾ?"

"ಇಪ್ಪತ್ತೆಂಟು ವರ್ಷದ ಸರ್ವಿಸು ಸಾರ್."

"ಸರ್ವಿಸು ಬಸ್ಸಿಗೂ ಇರುತ್ತೆ. ಒಂದು ಸರ್ಟಿಫಿಕೇಟ್ ಬೇಕು. ಬೆಂಕಿ ತನಿಖೆ ಮಾಡೋರಿಗೆ ಐದು ದಿನದ ತರಬೇತಿ ಇದೆಯಂತೆ. ಹೋಗಿ ಬನ್ನಿ. ಆಮೇಲೆ ನಿಮ್ಮ ಮಾತನ್ನ ಯಾರೂ ಅಲ್ಲಾಡಿಸೋಕಾಗಲ್ಲ."

ಹೀಗೆ, ಬೆಂಕಿ ಬಿದ್ದಾಗ ಬಾವಿ ತೋಡುವ ಇಲಾಖೆ ಈ ಸಲ ತೀರ್ಪು ಬರೆದಿಟ್ಟು ವಿದ್ಯೆ ಕಲಿಯಲು ಕಳಿಸಿತು.

ತರಬೇತಿಗೆ ಬಂದವರು ಹತ್ತೊಂಬತ್ತು ಜನ. ಮೇಲಧಿಕಾರಿಗೆ ಬೇಕಾದವರು ಕೆಲವರು, ಬೇಡವಾದವರು ಕೆಲವರು. ಕಲಿಯಲು ಬಂದವರ ಲೆಕ್ಕ ಸಿಗಲಿಲ್ಲ. ಎಲ್ಲರಿಗೂ ಒಂದು ಚೀಲ, ಒಂದು ಪೆನ್ನು, ಕೊರಳಿಗೆ ದಾರ ಕಟ್ಟಿದ ಚೀಟಿ ಕೊಟ್ಟರು. ಕಲಿಸುವವಳು ಲ್ಯಾಬಿನಿಂದ ಬಂದ ಗಿಡ್ಡನೆಯ ಹೆಂಗಸು, ನಲವತ್ತರ ಆಸುಪಾಸು, ಮೊಣಕಾಲಿನವರೆಗೆ ರಬ್ಬರ್ ಬೂಟು. "ಇವಳೇನು ಜನ್ಮದಲ್ಲಿ ಪೈಪು ಹಿಡಿದಿದಾಳಾ?" ಅಂತ ಮೂಸಣ್ಣ ಪಕ್ಕದವನ ಕಿವಿಯಲ್ಲಿ ಅಂದ. ಮೊದಲೆರಡು ದಿನ ಪರದೆಯ ಮೇಲೆ ಚಿತ್ರ ಓಡುತ್ತಿದ್ದರೆ ಇವನು ಹಿಂದಿನ ಬೆಂಚಿನಲ್ಲಿ ಇಲಾಖೆಯ ಖರ್ಚಿನಲ್ಲಿ ನಿದ್ದೆ ಮಾಡಿದ.

ಮೂರನೇ ದಿನ ಎಲ್ಲರನ್ನೂ ಹಿತ್ತಲಿಗೆ ಕರೆದೊಯ್ದರು. ಹಲಗೆ ಬಡಿದು ಕಟ್ಟಿದ ಎರಡು ಕೋಣೆ ಅಲ್ಲಿದ್ದವು. ಎರಡರಲ್ಲೂ ಒಂದೇ ಥರದ ಫೋಮಿನ ಸೋಫಾ, ಹಾಸಿಗೆ, ಕಿಟಕಿಗೆ ಪರದೆ. ಮೇಡಂ ಎಲ್ಲರನ್ನೂ ಗೋಡೆಯಾಚೆ ನಿಲ್ಲಿಸಿ ಬೆಂಕಿ ಹಚ್ಚಿಸಿದಳು, ಉರಿಯಲು ಬಿಟ್ಟಳು, ಆರಿಸಿದಳು. ಮರುದಿನ ಬೆಳಿಗ್ಗೆ ಒಳಗೆ ಬಿಟ್ಟು ಕೇಳಿದಳು: "ಯಾವ ಕೋಣೆಯಲ್ಲಿ ಪೆಟ್ರೋಲ್ ಸುರಿದಿದಾರೆ? ಎಲ್ಲಿಂದ ಎಲ್ಲಿಗೆ? ಬರೆದು ಕೊಡಿ."

ಮೂಸಣ್ಣನ ನಿದ್ದೆ ಹಾರಿತು. ಇದು ಅವನ ಅಂಗಳದ ಆಟ. ಮೊದಲ ಕೋಣೆಯಲ್ಲಿ ಮೊಣಕಾಲೂರಿದ, ಮೂಸಿದ, ಮುಖ ಸಿಂಡರಿಸಿದ. ಎರಡನೆಯದರಲ್ಲಿ ಮೂಸಿ ಮುಗುಳ್ನಕ್ಕ. ಬರೆಯುವ ತಾಳ್ಮೆಯೂ ಇಲ್ಲದೆ ಬಾಯಲ್ಲೇ ಹೇಳಿದ: "ಎರಡನೇದು ಮೇಡಂ. ಬಾಗಿಲಿಂದ ಆ ಮೂಲೆವರೆಗೆ. ಒಂದೂವರೆ ಲೀಟರ್." ಹದಿನಾರು ಜನ ಅವನನ್ನೇ ನೋಡಿ ಅದನ್ನೇ ಬರೆದರು. ಇಬ್ಬರು ಹಟಕ್ಕೆ ಮೊದಲನೆಯದು ಅಂದರು.

ಮೇಡಂ ಚೀಟಿಗಳನ್ನು ಒಟ್ಟು ಮಾಡಿ ಮೇಜಿನ ಮೇಲಿಟ್ಟಳು. "ಎರಡರಲ್ಲೂ ಒಂದು ಹನಿ ಸುರಿದಿಲ್ಲ. ಕಸದ ಬುಟ್ಟಿಯಲ್ಲಿ ಒಂದು ಕಾಗದಕ್ಕೆ ಕಡ್ಡಿ ಗೀರಿದ್ದು, ಅಷ್ಟೇ."

ಗುಲ್ಲೆದ್ದಿತು. "ಇದು ಮೋಸ ಮೇಡಂ!" ಅಂತ ಮೂಸಣ್ಣ ಎದ್ದು ನಿಂತ. "ಸುರಿದಿದಾರೆ ಅಂತ ನೀವೇ ಹೇಳಿದ್ರಿ."

"ಯಾವ ಕೋಣೇಲಿ ಅಂತ ಕೇಳಿದೆ, ಅಷ್ಟೇ. ನಿಮ್ಮನ್ನ ಪೊಲೀಸ್ನೋರು ಕೇಳೋದೂ ಹೀಗೇ ತಾನೇ ಅಣ್ಣಾ? ಸುರಿದೇ ಇಲ್ಲ ಅನ್ನೋಕೆ ನಿಮ್ಮಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ."

ಆಮೇಲೆ ಕೋಣೆಯೊಳಗಿಟ್ಟಿದ್ದ ಕ್ಯಾಮೆರಾ ಹಿಡಿದದ್ದನ್ನು ತೋರಿಸಿದಳು. ಬುಟ್ಟಿಯ ಬೆಂಕಿ ಕಿಟಕಿಯ ಪರದೆಗೆ ಏರಿತು, ಸೋಫಾಕ್ಕೆ ಹಾರಿತು. ಕಪ್ಪು ಹೊಗೆ ಸೂರಿಗೆ ಕಟ್ಟಿಕೊಂಡು ನಿಧಾನವಾಗಿ ಕೆಳಗಿಳಿಯಿತು. ನಾಲ್ಕು ನಿಮಿಷವೂ ಆಗಿರಲಿಲ್ಲ, ಆ ಹೊಗೆಯ ಕಾವಿಗೆ ಇಡೀ ಕೋಣೆ ಒಂದೇ ಉಸಿರಿಗೆ ಭಗ್ಗೆಂದಿತು. ನೆಲವೂ ತಾನಾಗಿಯೇ ಹೊತ್ತಿಕೊಂಡಿತು. "ಇದಕ್ಕೆ ಫ್ಲಾಶ್‌ಓವರ್ ಅಂತಾರೆ. ಮೊನ್ನೆ ಹೇಳಿದ್ದೆ, ನೀವು ಗೊರಕೆ ಹೊಡೀತಿದ್ರಿ. ಇದಾದ್ಮೇಲೆ ನೆಲದ ಮೇಲೆ ಉಳಿಯೋ ಕಲೆ ಥೇಟ್ ಎಣ್ಣೆ ಸುರಿದ ಹಾಗೇ ಇರುತ್ತೆ. ಕಣ್ಣಲ್ಲಿ ನೋಡಿ ಇದು ಅದು ಅಂತ ಹೇಳೋಕೆ ನನ್ ಕೈಲೂ ಆಗಲ್ಲ."

"ವಾಸನೆ?" ಮೂಸಣ್ಣನ ದನಿ ಇಳಿದಿತ್ತು.

"ಫೋಮ್ ಹುಟ್ಟೋದೂ ಪೆಟ್ರೋಲ್ ಬರೋ ಕಚ್ಚಾ ಎಣ್ಣೆಯಿಂದಲೇ ಅಣ್ಣಾ. ಸುಟ್ಟರೆ ತವರಿನ ವಾಸನೆ ಬರದೆ ಇರುತ್ತಾ? ಅದಕ್ಕೇ ಬೂದೀನ ಗಾಳಿಯಾಡದ ತಗಡಿನ ಡಬ್ಬಿಗೆ ಹಾಕಿ ಲ್ಯಾಬಿಗೆ ಕಳಿಸಬೇಕು. ಲ್ಯಾಬು ಇಲ್ಲ ಅಂದ್ರೆ ಇಲ್ಲ ಅಂತ ಒಪ್ಪಬೇಕು."

ಉಳಿದವರು ಟೀ ಕುಡಿಯಲು ಹೋದರು. ಟೀ ಮುಗಿಯುವುದರೊಳಗೆ ಕೋಪವೂ ಮುಗಿದು, ಸರ್ಟಿಫಿಕೇಟಿನಲ್ಲಿ ಹೆಸರು ಸರಿಯಾಗಿ ಬರುತ್ತದೋ ಇಲ್ಲವೋ ಅನ್ನುವ ಚಿಂತೆ ಶುರುವಾಯಿತು. ಮೂಸಣ್ಣ ಎರಡನೇ ಕೋಣೆಯ ನೆಲ ನೋಡುತ್ತ ನಿಂತ. ಬಾಗಿಲಿಂದ ಮೂಲೆಯವರೆಗೆ ಅಂಕುಡೊಂಕಾದ ಕಪ್ಪು ಕಲೆ. ಗಾದಿಯಕ್ಕನ ಅಂಗಡಿಯಲ್ಲಿ ಫೋಮ್ ಸೂರು ಮುಟ್ಟುತ್ತಿತ್ತು.

ಮನೆಗೆ ಬಂದ ಮೂರನೇ ದಿನ ಹೆಂಡತಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿರುವಾಗ ಬಾಯಿಬಿಟ್ಟ.

"ಆ ಗಾದಿಯಕ್ಕ ಸುರಿದಿಲ್ಲ ಅನ್ಸುತ್ತೆ ಕಣೇ."

"ಅನ್ಸುತ್ತೋ, ಸುರಿದಿಲ್ವೋ?"

"ಸುರಿದಿದಾಳೆ ಅನ್ನೋಕೆ ನನ್ಹತ್ರ ಏನೂ ಇಲ್ಲ."

"ಮತ್ತೆ ಬರೆದ್ರಿ?"

"ಹಿಂದಿನವರೂ ಹಾಗೇ ಬರೀತಿದ್ರು."

"ನೋಡ್ರೀ, ನಮ್ಮ ವಾರ್ಡಲ್ಲಿ ತಪ್ಪು ಇಂಜೆಕ್ಷನ್ ಕೊಟ್ಟರೆ ಹಿಂದಿನ ನರ್ಸೂ ಹೀಗೇ ಕೊಡ್ತಿದ್ಲು ಅಂತ ಹೇಳೋ ಹಾಗಿಲ್ಲ. ಓಡಿಹೋಗಿ ಡಾಕ್ಟ್ರಿಗೆ ಹೇಳಬೇಕು. ರೋಗಿ ಇನ್ನೂ ಉಸಿರಾಡ್ತಿದ್ರೆ ಬೇಗ ಓಡಬೇಕು." ಅವಳು ತೋಳು ಮಗುಚಿ ಹಾಕಿ ಇಸ್ತ್ರಿ ಮುಂದುವರಿಸಿದಳು.

ಅವನು ಮೊದಲು ಓಡಿದ್ದು ಅಗ್ನಿಶಾಮಕ ಠಾಣೆಯ ಮುಖ್ಯಾಧಿಕಾರಿಯ ಬಳಿಗೆ. ಸಾಹೇಬರು ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು, ಅದರ ಚಿನ್ನದ ಅಂಚನ್ನು ಮೆಚ್ಚಿದರು. ವಿಷಯ ಕೇಳಿದ ಮೇಲೆ ಅದನ್ನು ಮಗುಚಿಟ್ಟರು.

"ಏನಯ್ಯಾ, ರಿಟೈರ್ ಆಗೋಕೆ ಎರಡು ವರ್ಷ ಇದೆ. ಐದು ದಿನದ ಪಾಠಕ್ಕೆ ಇಪ್ಪತ್ತೆಂಟು ವರ್ಷ ಸುಟ್ಟುಕೋತೀಯಾ? ಇದೊಂದು ತಪ್ಪು ಅಂದ್ರೆ ಹಳೇ ಕಡತವೆಲ್ಲ ಎದ್ದು ಕೂತ್ಕೊಳಲ್ವಾ?"

"ಕೂತ್ಕೊಳ್ತವೆ ಸಾರ್."

"ಇಲಾಖೆ ಮರ್ಯಾದೆ?"

"ಅದು ಜೈಲಲ್ಲಿದೆ ಸಾರ್, ಏಳು ತಿಂಗಳಿಂದ."

ಈ ಉತ್ತರ ತನ್ನ ಬಾಯಿಂದ ಬಂದದ್ದು ಕೇಳಿ ಮೂಸಣ್ಣನೇ ಬೆಚ್ಚಿದ. ಮಾರನೇ ದಿನವೇ ಆದೇಶ ಬಂತು: ತನಿಖೆಯಿಂದ ಬಿಡುಗಡೆ, ಸರ್ಕಾರಿ ಕಚೇರಿಗಳ ಮರಳಿನ ಬಕೆಟ್ ಎಣಿಸುವ ಜವಾಬ್ದಾರಿ. ಅರವತ್ತು ಕಚೇರಿ, ಕಚೇರಿಗೆ ನಾಲ್ಕು ಬಕೆಟ್, ಬಹುಪಾಲಿನಲ್ಲಿ ಮರಳಿನ ಬದಲು ಎಲೆಯಡಿಕೆಯ ಉಗುಳು. ಹೊಸದಾಗಿ ಪಡೆದ ತರಬೇತಿಯ ಸದುಪಯೋಗ.

ಆದರೆ ಕೋರ್ಟಿನ ಸಮನ್ಸು ಬಕೆಟ್ ಎಣಿಸುವವನನ್ನೂ ಬಿಡುವುದಿಲ್ಲ. ಸರ್ಕಾರಿ ವಕೀಲ ಹೆಮ್ಮೆಯಿಂದ ಸರ್ಟಿಫಿಕೇಟ್ ಎತ್ತಿ ತೋರಿಸಿ, "ಈಗ ಹೇಳಿ, ನಿಮ್ಮ ವರದಿ ಸರಿ ತಾನೇ?" ಅಂದ.

"ಸರಿ ಇಲ್ಲ."

ವಕೀಲ ಕನ್ನಡಕ ತೆಗೆದ. "ಸರ್ಟಿಫಿಕೇಟ್ ಬಂದ ಮೇಲೆ ತಪ್ಪಾಯ್ತಾ?"

"ಬರೆದಾಗಲೇ ತಪ್ಪಿತ್ತು. ಸರ್ಟಿಫಿಕೇಟ್ ಬಂದ ಮೇಲೆ ಗೊತ್ತಾಯ್ತು." ಆಮೇಲೆ ಅವನು ಹೊಗೆ, ಸೂರು, ಫೋಮು, ಪ್ಲಾಸ್ಟಿಕ್ ಚೀಲ, ತಗಡಿನ ಡಬ್ಬಿ ಎಲ್ಲವನ್ನೂ ತಡವರಿಸುತ್ತ ಹೇಳಿದ. ಲ್ಯಾಬಿನ ಕಾಗದದ ಕೆಳಗೆ ತಾನು ಸೇರಿಸಿದ ಸಾಲನ್ನು ಓದಿ, "ಇದು ನಾನೇ ಕಟ್ಟಿ ಬರೆದದ್ದು" ಅಂದ. ನ್ಯಾಯಾಧೀಶರು ಎರಡು ಸಲ ಕೇಳಿ ಬರೆಸಿಕೊಂಡರು. ಇಪ್ಪತ್ತೆಂಟು ವರ್ಷದಲ್ಲಿ ಅವನ ಮಾತನ್ನು ಅಲ್ಲಿ ಯಾರೂ ಎರಡು ಸಲ ಕೇಳಿರಲಿಲ್ಲ. ಮಾಲೀಕ ಮಧ್ಯದಲ್ಲೇ ಎದ್ದು ಹೋದ. ಕಟ್ಟಡಕ್ಕೆ ಎರಡನೇ ಮಹಡಿಯ ಕಾಂಕ್ರೀಟ್ ಹಾಕುವ ದಿನವಂತೆ.

ಹನ್ನೆರಡು ದಿನದ ಮೇಲೆ ಗಾದಿಯಕ್ಕನನ್ನು ಬಿಟ್ಟರು. ತೀರ್ಪಿನ ದಿನ ಮೂಸಣ್ಣ ಕೋರ್ಟಿನ ಮೊಗಸಾಲೆಯಲ್ಲಿ ನಿಂತಿದ್ದ. ಕೈಮುಗಿಯಬೇಕೋ, ಕ್ಷಮೆ ಕೇಳಬೇಕೋ, ಕಂಬದ ಹಿಂದೆ ಸರಿಯಬೇಕೋ ತಿಳಿಯದೆ ಮೂರನ್ನೂ ಅರ್ಧರ್ಧ ಮಾಡಿದ. ಅವಳು ಸೊರಗಿದ್ದಳು, ಗಂಟಲು ಸೊರಗಿರಲಿಲ್ಲ.

"ಏನಯ್ಯಾ, ನಾನು ಇಟ್ಟಿಲ್ಲ ಅಂದ್ಮೇಲೆ ಬೆಂಕಿ ಹತ್ತಿದ್ದು ಹೇಗೆ?"

"ಗೊತ್ತಿಲ್ಲಕ್ಕ. ಕಟ್ಟಡ ಕೆಡವಿಬಿಟ್ರು, ಈಗ ಗೊತ್ತಾಗೋದೂ ಇಲ್ಲ."

"ಗೊತ್ತಿಲ್ಲ! ಈ ಮಾತನ್ನ ಅವತ್ತೇ ಹೇಳೋಕೆ ನಾಲಿಗೆಗೇನು ಲಕ್ವ ಹೊಡೆದಿತ್ತಾ?"

ಮೂಸಣ್ಣ ತಲೆ ತಗ್ಗಿಸಿದ. "ತಪ್ಪಾಯ್ತಕ್ಕ."

"ತಪ್ಪಾಯ್ತು ಅನ್ನೋದನ್ನ ತಗೊಂಡು ನಾನು ಅಂಗಡಿ ತೆಗೀಲಾ? ಅಲ್ಲೇ ಇಟ್ಕೋ." ಎರಡು ಹೆಜ್ಜೆ ಹೋದವಳು ತಿರುಗಿದಳು. "ಒಳಗೆ ನನ್ನ ಪಕ್ಕದಲ್ಲಿ ಮಲಗ್ತಿದ್ದವಳು ಒಬ್ಬಳಿದಾಳೆ. ಗುಡಿಸಲಿಗೆ ಬೆಂಕಿ ಹಾಕಿ ಗಂಡನ್ನ ಕೊಂದ್ಲು ಅಂತ ಜೈಲಿಗೆ ಹಾಕಿ ನಾಲ್ಕು ವರ್ಷ ಆಯ್ತು. ಅವಳ ಕಾಗದದಲ್ಲೂ ನಿನ್ನ ಸಹಿನೇ ಇರೋದು. ಸುಮ್ಮನೆ ನನ್ನ ಮುಂದೆ ನಿಂತು ಮುಖ ಒಣಗಿಸ್ಕೋಬೇಡ, ಹೋಗಿ ಅದನ್ನ ನೋಡು."

ಮರುದಿನ ಮೂಸಣ್ಣ ಬಕೆಟ್ಟಿಗೆ ರಜೆ ಹಾಕಿ ಇಲಾಖೆಯ ದಾಖಲೆ ಕೋಣೆಗೆ ಹೋದ. ಗುಮಾಸ್ತ ಕುರ್ಚಿಯಿಂದೇಳದೆ, "ಯಾವ ಕಡತ ಬೇಕು?" ಅಂದ.

"ಸುರಿದಿದಾರೆ ಅಂತ ನಾನು ಬರೆದು ಸಹಿ ಹಾಕಿರೋದೆಲ್ಲ."

ಗುಮಾಸ್ತ ಅವನ ಹಿಂದೆ ಬಾಗಿಲಾಚೆ ಇಣುಕಿ ನೋಡಿದ. "ಕೈಯಲ್ಲಿ ಒಯ್ಯೋಕಾಗಲ್ಲ. ಗಾಡಿ ತಂದಿದೀರಾ?"