ಡೆಕ್ಲನ್ ಮಾಮಾನ ಹಬ್ಬ

ಕಪ್ಪು ಬಿಯರಿಗೆ ಒಂದು ಸುಟ್ಟ ವಾಸನೆಯಿದೆ. ಗೋಧಿ ಹುರಿಯಲಿಟ್ಟವರು ಫೋನಿನಲ್ಲಿ ಮಾತಿಗೆ ಕೂತು ಒಲೆಯನ್ನೇ ಮರೆತರೆ ಮನೆಯೆಲ್ಲ ತುಂಬಿಕೊಳ್ಳುತ್ತದಲ್ಲ, ಅಂಥದು. ಪ್ರತಿ ಮಾರ್ಚಿನಲ್ಲೂ ಹ್ಯಾಂಬರ್ಗಿನ ನಮ್ಮ ಆಫೀಸಿನ ಅಡುಗೆಕೋಣೆಯಲ್ಲಿ ಆ ವಾಸನೆ ಏಳುತ್ತದೆ. ಹುಡುಗರು ಹಸಿರು ಕಾಗದದ ಟೊಪ್ಪಿಗೆ ಹಾಕಿಕೊಂಡು ಸೇಂಟ್ ಪ್ಯಾಟ್ರಿಕ್ ಹೆಸರಿನಲ್ಲಿ ಗ್ಲಾಸು ಎತ್ತುತ್ತಾರೆ. ಆ ಪ್ಯಾಟ್ರಿಕ್ ಯಾರಪ್ಪಾ ಎಂದು ಕೇಳಿದರೆ ಒಬ್ಬನಿಗೂ ಗೊತ್ತಿಲ್ಲ. ನನಗೆ ಗೊತ್ತು, ಅದೇ ನನ್ನ ಸಂಕಟ. ಈ ಸಲ ಯಾರೋ ನನ್ನ ತಲೆಗೂ ಒಂದು ಟೊಪ್ಪಿಗೆ ಇಟ್ಟರು. ತೆಗೆದು ಮೇಜಿನ ಮೇಲಿಟ್ಟು ಹೊರಗೆ ನಡೆದೆ. ಇವಳಿಗೇನು ಬಂತು ಅಂದುಕೊಂಡಿರಬೇಕು. ಬಾಡಿಗೆ ಮನೆಯೊಂದನ್ನು ನಮ್ಮದೇ ಎಂದು ನಂಬಿ ಬಾಳಿ, ಆಮೇಲೆ ಅಲ್ಲಿಂದ ಎದ್ದು ಹೋದವರಿಗೆ ನಾನು ಹೇಳುವುದು ಅರ್ಥವಾದೀತು.

ಗ್ರೀನ್ ಕಾರ್ಡ್ ಕಾಲದಲ್ಲಿ, ಕಂಪ್ಯೂಟರ್ ಬಲ್ಲವರನ್ನು ಜರ್ಮನಿ ಕರೆಕರೆದು ವೀಸಾ ಕೊಡುತ್ತಿದ್ದಾಗ, ಅಪ್ಪ ನಮ್ಮನ್ನು ಹುಬ್ಬಳ್ಳಿಯಿಂದ ಸ್ಟುಟ್‌ಗಾರ್ಟಿನ ಫೊಯರ್‌ಬಾಕ್‌ಗೆ ಕರೆತಂದ. ಮರದ ಮೆಟ್ಟಿಲುಗಳ ಹಳೆಯ ಮನೆ. ಮೇಣದ ಪಾಲಿಶಿನ ವಾಸನೆ ಕೆಳಗಿನಿಂದ ಬಂದರೆ, ನಮ್ಮ ಬೆಳ್ಳುಳ್ಳಿ ಒಗ್ಗರಣೆಯದು ಮೇಲಕ್ಕೆ ಹೋಗುತ್ತಿತ್ತು. ಆ ವಾಸನೆ ಹಿಡಿದೇ ಡೆಕ್ಲನ್ ಮಾಮಾ ಇಳಿದು ಬಂದದ್ದು. ಐರ್ಲೆಂಡಿನವ, ಕೆಂಪು ಗಡ್ಡದ ಒಂಟಿ ಮನುಷ್ಯ, ಅಪ್ಪನ ತಂಡಕ್ಕೆ ಮುಖ್ಯಸ್ಥ, ನಮ್ಮ ತಲೆಯ ಮೇಲಿನ ಮನೆಯಲ್ಲೇ ವಾಸ. ಪ್ರತಿ ರವಿವಾರ ಅವನ ಊಟ ನಮ್ಮಲ್ಲಿ. ಜೋಳದ ರೊಟ್ಟಿ, ಝುಣಕ ಅಂದರೆ ಪ್ರಾಣ. ಅವ್ವ ಅವನಿಗೆ ತಮ್ಮಾ ಅನ್ನುತ್ತಿದ್ದಳು, ಅವನು ಅಕ್ಕಾ ಅನ್ನುತ್ತಿದ್ದ. ಅವನು ಮೊದಲು ಕಲಿತ ಕನ್ನಡ "ಅಕ್ಕಾ, ಇನ್ನೊಂದು." "ಸಾಕು" ಅನ್ನುವುದನ್ನು ಕೊನೆಯವರೆಗೂ ಕಲಿಯಲಿಲ್ಲ. ಮೆಟ್ಟಿಲು ಗುಡಿಸುವ ವಾರದ ಸರದಿ ಅವನದಿದ್ದರೂ ಗುಡಿಸುತ್ತಿದ್ದವಳು ಅವ್ವ. ಭಾಷೆ ಬಾರದ ಊರಿನಲ್ಲಿ ಅವಳಿಗೆ ಅಂತ ಇದ್ದವನು ಅವನೊಬ್ಬನೇ.

ಸೇಂಟ್ ಪ್ಯಾಟ್ರಿಕ್ ಕತೆಯನ್ನು ನಮಗೆ ಹೇಳಿದವನೂ ಅವನೇ. ಹದಿನಾರರ ಹುಡುಗನನ್ನು ಕಡಲುಗಳ್ಳರು ಹಿಡಿದೊಯ್ದು ಮಾರಿದ್ದು, ಪರದೇಶದ ಗುಡ್ಡದ ಮೇಲೆ ಕುರಿ ಕಾಯುತ್ತ ಚಳಿಯಲ್ಲಿ ಅವನು ಹಗಲೂ ರಾತ್ರಿ ದೇವರನ್ನು ಕರೆದದ್ದು, ತಪ್ಪಿಸಿಕೊಂಡು ಮನೆ ಸೇರಿದವನು ತನ್ನನ್ನು ಜೀತಕ್ಕಿಟ್ಟ ಐರ್ಲೆಂಡಿಗೇ ದೇವರ ಮಾತು ಹೇಳಲು ಮರಳಿ ಹೋದದ್ದು. ನಾನು ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದರೆ ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಯವ್ವಾ, ಪರದೇಶದಾಗ ಒಬ್ಬನಽ! ಅವನ ಹಡೆದಾಕಿ ಹೆಂಗ ಇದ್ದಾಳ?" ಆ ಹಬ್ಬ ಕುಡಿಯುವ ಹಬ್ಬವಲ್ಲ, ತನ್ನಪ್ಪನ ಕಾಲದಲ್ಲಿ ಅವತ್ತು ಹೆಂಡದಂಗಡಿಗಳೇ ಬಾಗಿಲು ತೆಗೆಯುತ್ತಿರಲಿಲ್ಲ ಎಂದು ಅವನು ಎದೆ ತಟ್ಟಿ ಹೇಳುತ್ತಿದ್ದ. ಊರಿನಿಂದ ಅವನ ತಾಯಿ ಒದ್ದೆ ಹತ್ತಿಯಲ್ಲಿ ಸುತ್ತಿ ಶಾಮ್ರಾಕ್ ಎಂಬ ಎಳೆ ಸೊಪ್ಪನ್ನು ಟಪಾಲಿನಲ್ಲಿ ಕಳಿಸುತ್ತಿದ್ದಳು. ಒಂದು ಕಡ್ಡಿಗೆ ಮೂರು ಎಲೆ, ಮೂರಾದರೂ ಒಂದೇ ದೇವರು, ಪ್ಯಾಟ್ರಿಕ್ ಹಾಗೆ ತಿಳಿಸಿ ಹೇಳಿದನಂತೆ. "ಇದು ನಮ್ಮ ಪತ್ರಿನಽ ಅಲ್ಲೇನ್ರಿ?" ಎಂದು ಅವ್ವ ಒಂದು ಕಡ್ಡಿಯನ್ನು ದೇವರ ಜಗಲಿಯ ಮೇಲಿನ ಲಿಂಗಕ್ಕೆ ಏರಿಸಿಯೇಬಿಟ್ಟಳು. ಬಿಲ್ವವೇ ಸಿಗದ ಆ ಊರಿನಲ್ಲಿ ಶಿವನಿಗೂ ಅದು ನಡೆಯಿತು.

ಎರಡನೆಯ ವರ್ಷ ಹಬ್ಬ ರವಿವಾರವೇ ಬಿತ್ತು. ಆ ಹೊತ್ತಿಗೆ ಅಪ್ಪನ ಆಫೀಸಿನಲ್ಲಿ ಒಬ್ಬೊಬ್ಬರನ್ನೇ ಮನೆಗೆ ಕಳಿಸುತ್ತಿದ್ದರು. ಕೆಲಸ ಹೋದರೆ ವೀಸಾನೂ ಹೋದಂತೆಯೇ. ನಾನು ನಾಲ್ಕನೆಯ ಇಯತ್ತೆ ಮುಗಿಸುತ್ತಿದ್ದೆ. ಜಾಣ ಮಕ್ಕಳು ಹೋಗುವ ಹೈಸ್ಕೂಲಾದ ಗಿಮ್ನಾಸಿಯುಮ್‌ಗೆ ನನ್ನನ್ನು ಸೇರಿಸಿ ಎಂದು ಟೀಚರ್ ಹೇಳಿದ್ದರು. ನನಗೆ ಅದೊಂದೇ ಜಪ. ಅಪ್ಪನಿಗೆ ಧೈರ್ಯವಿಲ್ಲ, ಸೇರಿಸಿ ಬಿಡಿಸುವುದಾದರೆ ಮಗು ನೊಂದೀತು ಅಂತ. ಮುಂಜಾನೆ ನಾವೆಲ್ಲ ಡೆಕ್ಲನ್ ಮಾಮಾನ ಜೊತೆ ಚರ್ಚಿಗೆ ಹೋದೆವು. ಪಾದ್ರಿ ಎಲೆಗಳ ಮೇಲೆ ನೀರು ಚಿಮುಕಿಸಿದ. ಹೊರಗೆ ಬಂದಾಗ ಅಪ್ಪ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟ: "ಖರೇ ಹೇಳು, ಮುಂದಿನ ವರ್ಷ ನಾವಿಲ್ಲಿ ಇರುತ್ತೇವಾ? ಇವಳನ್ನು ಸೇರಿಸಲಾ?" ಡೆಕ್ಲನ್ ಮಾಮಾ ನನ್ನ ಮುಂದೆ ಮೊಣಕಾಲೂರಿ, ಪಾದ್ರಿ ಹರಸಿದ ಎಲೆಯನ್ನು ನನ್ನ ಕೋಟಿಗೆ ಚುಚ್ಚಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ: "ನೀನು ಇಲ್ಲೇ ಇರುತ್ತೀ." ಆಮೇಲೆ ಅಪ್ಪನತ್ತ ತಿರುಗಿ, "ಸೇರಿಸು." ಮನೆಯ ತನಕ ನಾನು ನೆಲಕ್ಕೆ ಕಾಲೂರಲಿಲ್ಲ. ಅವ್ವ ಆ ಸಂತನ ಹೆಸರಿನಲ್ಲಿ ಹೋಳಿಗೆಗೆ ಬೇಳೆ ಇಟ್ಟಳು.

ಸಂಜೆ ಪೇಟೆಯ ಐರಿಶ್ ಪಬ್ಬಿಗೆ ತಂಡದವರನ್ನೆಲ್ಲ ಅವನು ಕರೆದಿದ್ದ. "ದೇವರ ಹಬ್ಬಕ್ಕ ಕುಡಿಯೋ ಅಂಗಡಿ ಯಾಕ?" ಎಂದು ಅವ್ವ ಬರಲಿಲ್ಲ. ಹಟ ಹಿಡಿದು ಅಪ್ಪನ ಜೊತೆ ನಾನು ಹೋದೆ. ಒಳಗೆ ಆ ಸುಟ್ಟ ವಾಸನೆ, ಹೊಗೆ, ಕಿವಿಗಡಚಿಕ್ಕುವ ಹಾಡು. ಸಾಧುವಿನಂತೆ ಕತೆ ಹೇಳುತ್ತಿದ್ದ ನಮ್ಮ ಮಾಮಾ ಬೆಂಚಿನ ಮೇಲೆ ಕುಣಿಯುತ್ತಿದ್ದ. ಅಪ್ಪನ ತಲೆಗೂ ಹಸಿರು ಟೊಪ್ಪಿಗೆ ಇಟ್ಟರು. ಸೇಬಿನ ರಸ ಕುಡಿದುಕೊಂಡು, ನಗಬೇಕಲ್ಲ ಎಂದು ಪಾಪ, ಅಪ್ಪ ನಕ್ಕ. ಆಮೇಲೆ ಡೆಕ್ಲನ್ ಮಾಮಾ ತನ್ನ ಕೋಟಿನ ಎಲೆಯನ್ನು ಕಿತ್ತು ಗ್ಲಾಸಿನಲ್ಲಿ ಮುಳುಗಿಸಿ ಗಟಗಟ ಕುಡಿದು, ತಳದಲ್ಲುಳಿದ ಎಲೆಯನ್ನು ಹಿಂದಕ್ಕೆ ಎಸೆದ. ಅದೂ ಅವರ ಪದ್ಧತಿಯೇ ಅಂತೆ. ಇರಲಿ. ಜಗಲಿಯ ಮೇಲಿನ ಪತ್ರಿಯನ್ನು ಯಾರೋ ಹೆಂಡದಲ್ಲಿ ಅದ್ದಿದಂತೆ ನನ್ನ ಮೈ ಉರಿದುಹೋಯಿತು.

ಅವನು ಇಳಿದು ಬಂದು ಅಪ್ಪನ ಕೊರಳಿಗೆ ಬಿದ್ದು ಅಳತೊಡಗಿದ. ಆ ಗದ್ದಲದಲ್ಲಿ, ಆ ತೊದಲು ಇಂಗ್ಲಿಷಿನಲ್ಲಿ ಅಪ್ಪನಿಗೆ ಒಂದೂ ತಿಳಿಯಲಿಲ್ಲ. ಇನ್ನೂ ನಗುತ್ತಲೇ ನನ್ನತ್ತ ಬಾಗಿ ಕೇಳಿದ: "ಏನಂತಾನ ಸುಮಿ?"

ರವಿವಾರದ ಕತೆಗಳಿಂದ ಅವನ ಮಾತು ಕಿವಿಗೆ ರೂಢಿಯಾಗಿದ್ದ ನಾನು ಹೇಳಬೇಕಾಯಿತು. "ನಿನ್ನ ಕೆಲಸ ಹೋತಂತ ಅಪ್ಪಾ. ಅವಂಗ ಹೋದ ತಿಂಗಳಽ ಗೊತ್ತಿತ್ತಂತ."

ಹೇಳಬಾರದೆಂದು ಕಂಪನಿಯ ಮೇಲಿನವರು ಕಟ್ಟು ಮಾಡಿದ್ದರಂತೆ. ಇರಬಹುದು. ಆದರೆ "ಗೊತ್ತಿಲ್ಲ" ಎನ್ನಬಹುದಿತ್ತಲ್ಲ? ಸುಮ್ಮನಾದರೂ ಇರಬಹುದಿತ್ತಲ್ಲ? ಗುಡಿಯ ಬಾಗಿಲಲ್ಲಿ, ಹರಸಿದ ಎಲೆ ಕೈಯಲ್ಲಿ ಹಿಡಿದು, ಹತ್ತು ವರ್ಷದ ಹುಡುಗಿಯನ್ನು ನಂಬಿಸಿ ಕುತ್ತಿಗೆ ಕೊಯ್ದನಲ್ಲ! ಇವತ್ತಿಗೂ ನಾನು ಅವನನ್ನು ಕ್ಷಮಿಸಿಲ್ಲ. ಕ್ಷಮಿಸುವ ಇರಾದೆಯೂ ಇಲ್ಲ.

ಅಪ್ಪ ಟೊಪ್ಪಿಗೆ ತೆಗೆದ. ಟ್ರಾಮಿನಿಂದ ಇಳಿಯುವ ಮುಂದೆ ಅಂದ: "ಅವಂಗ ಮೊದಲಽ ಗೊತ್ತಿತ್ತು ಅನ್ನೋದನ್ನ ಅವ್ವಗ ಹೇಳಬ್ಯಾಡವಾ. ಅಕಿಗೆ ಇಲ್ಲೆ ಇರೋದು ಅಂವ ಒಬ್ಬನಽ ತಮ್ಮ. ಅದನ್ನೂ ಕಸಗೊಳ್ಳೋದು ಬ್ಯಾಡ." ಮನೆಯಲ್ಲಿ ಅವ್ವ ಅವನಿಗೂ ತಾಟು ಹಾಕಿ ಕಾಯುತ್ತಿದ್ದಳು. ವಾರದ ನಂತರ ಆಫೀಸಿನವರೇ ಅಪ್ಪನಿಗೆ ತಿಳಿಸಿದಾಗ ಡೆಕ್ಲನ್ ಮಾಮಾ ಇಳಿದು ಬಂದ. ಅವ್ವನ ಕೂಡ ಕೂತು ಅತ್ತ. ನನಗೆ ಗೊತ್ತೇ ಆಗಲಿಲ್ಲ ಅಕ್ಕಾ ಅಂದ. ಅದನ್ನೂ ಕನ್ನಡಕ್ಕೆ ತಿರುಗಿಸಬೇಕಾದವಳು ನಾನೇ. ಕುಡಿದಾಗ ಹೇಳಿದ್ದು ಅವನಿಗೆ ನೆನಪಿರಲಿಲ್ಲವೋ, ನೆನಪಿದ್ದೂ ಹಾಗಂದನೋ. ನಾನು ಅಪ್ಪನನ್ನು ನೋಡಿದೆ, ಅಪ್ಪ ಕಿಟಕಿಯನ್ನು ನೋಡುತ್ತಿದ್ದ. ಶಾಲೆ ರಜೆ ಬೀಳುವ ಮುಂಚೆಯೇ ನಾವು ಹುಬ್ಬಳ್ಳಿಯ ಹಾದಿ ಹಿಡಿದೆವು. ಓದಿ ಮುಗಿಸಿ ಇದೇ ದೇಶಕ್ಕೆ ನಾನು ಮತ್ತೆ ಬಂದೆ, ಆ ಮನೆಗೆ ಮಾತ್ರ ಹೋಗಿಲ್ಲ. ಅಪ್ಪ ತೀರಿಕೊಂಡ. ಅವನಿದ್ದಾಗ ಇಬ್ಬರಲ್ಲಿ ಹಂಚಿಹೋಗಿದ್ದ ಆ ಮಾತು ಈಗ ನನ್ನೊಬ್ಬಳಲ್ಲಿ ಉಳಿದಿದೆ.

ಈ ಸಲ ಟೊಪ್ಪಿಗೆ ತೆಗೆದಿಟ್ಟು ಆಫೀಸಿನಿಂದ ಹೊರಗೆ ಬಂದವಳು ಜಿಟಿಜಿಟಿ ಮಳೆಯಲ್ಲಿ ನಿಂತಿದ್ದಾಗ ಹುಬ್ಬಳ್ಳಿಯಿಂದ ಅವ್ವನ ಫೋನು ಬಂತು. ವರ್ಷವೂ ಅದೇ ದಿನ ಮಾಡುತ್ತಾಳೆ. "ಇವತ್ತ ನಮ್ಮ ಡೆಕ್ಲಂದು ಹಬ್ಬ ಅಲ್ಲೇನ? ಎಲ್ಲಿದ್ದಾನೋ, ಏನ ಉಣ್ಣತಾನೋ. ಪಾಪ, ನಾವು ಹೊಂಟಾಗ ಹೆಂಗ ಅತ್ತ ನೋಡು! ಅವಂಗ ಮೊದಲಽ ಗೊತ್ತಿದ್ರ ನಮಗ ಹೇಳದ ಇರತಿದ್ನ?"

"ಇರತಿರಲಿಲ್ಲವ್ವಾ," ಅಂದೆ.