ಇರುವೆ ಬಟ್ಟಲಿಗೆ ಹಾಕಿದ ಆಯಿಲ್

ಇವತ್ತು ಬೆಳಿಗ್ಗೆ ಕಾರಿನ ಡಿಕ್ಕಿ ತೆಗೆದು ನಿಂತಿದ್ದೆ. ಒಳಗಿದ್ದ ಐದು ಲೀಟರಿನ ಕ್ಯಾನಿನ ಮುಚ್ಚಳ ಸಡಿಲವಾಗಿ, ಹಳೇ ಎಂಜಿನ್ ಆಯಿಲಿನ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ನೀವು ಆ ವಾಸನೆ ಕುಡಿದಿದ್ದೀರೋ ಇಲ್ಲವೋ. ಅರ್ಧ ಸುಟ್ಟ ರಬ್ಬರು, ಅರ್ಧ ಕೊಳೆತ ಎಣ್ಣೆಕಾಳು. ಅಷ್ಟರಲ್ಲಿ ಗೇಟಿನ ಹತ್ತಿರ ಸೀನ ಬಂದು ನಿಂತ. ಕೈಯಲ್ಲಿ ತಂಪುಪಾನೀಯದ ಖಾಲಿ ಬಾಟಲಿ.

"ಟೀಚರಮ್ಮಾ, ವೇಸ್ಟ್ ಆಯಿಲ್ ಐತೇನು? ಇದೊಂದು ಬಾಟ್ಲು ತುಂಬಿದ್ರೆ ಸಾಕು. ನಮ್ಮತ್ತಿಗೆಯ ರೇಷ್ಮೆಹುಳದ ಮನೆ ಬಾಗಿಲಿಗೆ ಗೆದ್ದಲು ಹಿಡಿದೈತೆ. ನನ್ನ ಟೊಮ್ಯಾಟೊ ಕ್ರೇಟೆಲ್ಲಾ ಅಲ್ಲೇ ಅಲ್ವಾ ಇಟ್ಟಿರೋದು."

ಇಲ್ಲ ಅಂದೆ. ಡಿಕ್ಕಿ ತೆರೆದೇ ಇತ್ತು, ಕ್ಯಾನು ಕಾಣುತ್ತಲೇ ಇತ್ತು. ಸೀನ ಕ್ಯಾನನ್ನು ನೋಡಿದ, ನನ್ನನ್ನು ನೋಡಿದ, "ಪೋನೀ ಬಿಡಿ" ಅಂದು ಹಾಲಿನ ಡೈರಿಯ ಕಡೆ ಹೊರಟ. ಇಷ್ಟು ಜಿಪುಣಿ ಅಂತ ಗೊತ್ತಿರಲಿಲ್ಲ ಅಂದುಕೊಂಡಿರಬೇಕು. ಹಿಂದೆ ನಾನು ಹಾಗಿರಲಿಲ್ಲ. ಕೇಳಿದವರಿಗೂ ಕೇಳದವರಿಗೂ ಕರೆದು ಕೊಡುತ್ತಿದ್ದೆ. ಕಥೆ ಇರುವುದೇ ಅಲ್ಲಿ.

ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರು. ಇರುವುದು ಚಿಂತಾಮಣಿ ರಸ್ತೆಯ ಒಂದು ಹಳ್ಳಿಯಲ್ಲಿ. ಸೆಕೆಂಡ್‌ಹ್ಯಾಂಡ್ ಕಾರು ಕೊಂಡ ಹೊಸದರಲ್ಲಿ ಮೊಬೈಲಿನಲ್ಲಿ ವಿಡಿಯೋ ನೋಡಿ ಆಯಿಲ್ ಬದಲಾಯಿಸುವುದನ್ನು ಕಲಿತೆ. ಹೆಂಗಸೊಬ್ಬಳು ಕಾರಿನ ಕೆಳಗೆ ಮಲಗಿ ಸ್ಪ್ಯಾನರ್ ತಿರುಗಿಸುವುದನ್ನು ಊರು ನೋಡಲಿ ಅನ್ನುವ ಆಸೆಯೂ ಇತ್ತು, ಸುಳ್ಳು ಹೇಳುವುದೇಕೆ. ಮೊದಲ ಸಲ ಊರು ನೋಡಿತು. ಎರಡನೇ ಸಲ ಎರಡು ಕೋಳಿ ಮಾತ್ರ ನೋಡಿದವು.

ಅದಕ್ಕೂ ಮೊದಲು ಕಾರು ರಿಪೇರಿಗೆ ಹೋಗುತ್ತಿದ್ದದ್ದು ಚಿಂತಾಮಣಿಯ ಖಾದರ್ ಭಾಯಿ ಹತ್ತಿರ. ಮುರುಗಮಲ್ಲದ ಕಡೆಗೆ ತಿರುಗುವ ರಸ್ತೆಯಲ್ಲಿ ಅವರ ಶೆಡ್ಡು. ಮೆಕ್ಯಾನಿಕ್ ಶೆಡ್ಡು ಅಂದರೆ ನೆಲವೆಲ್ಲಾ ಕಪ್ಪಗೆ ಜಾರುತ್ತಿರಬೇಕು ಅಂತ ನಮಗೆ ನಂಬಿಕೆ. ಅವರ ನೆಲದಲ್ಲಿ ಊಟಕ್ಕೆ ಕೂರಬಹುದಿತ್ತು. ಮೂಲೆಯಲ್ಲಿ ಬೀಗ ಹಾಕಿದ ಒಂದು ಡ್ರಮ್ಮು. ಇಳಿಸಿದ ಆಯಿಲೆಲ್ಲಾ ಅದಕ್ಕೆ. ಬಿಚ್ಚಿದ ಫಿಲ್ಟರನ್ನು ಜಾಲರಿಯ ಮೇಲೆ ಬೋರಲು ಹಾಕಿ, ಕೊನೆಯ ಹನಿ ಇಳಿಯುವವರೆಗೂ ಬಿಡುತ್ತಿದ್ದರು. ಬ್ರೇಕ್ ಆಯಿಲಿಗೆ ಬೇರೆ ಡಬ್ಬ, ಅದನ್ನು ಇದಕ್ಕೆ ಬೆರೆಸಿದರೆ ಎರಡೂ ಕೆಟ್ಟವು ಅನ್ನುತ್ತಿದ್ದರು. ಎಂಜಿನ್ ತಂಪಾಗಿಡುವ ಕೂಲೆಂಟಿನ ಡಬ್ಬ ಮಾತ್ರ ಎತ್ತರದ ಅಟ್ಟದ ಮೇಲೆ. ಯಾಕೆ ಅಂತ ಕೇಳಿದ್ದೆ. "ಸಿಹಿ ಇರತ್ತೆ ಮೇಡಂ. ನಮ್ಮ ನಾಯಿ ನೆಲದ ಮೇಲಿದ್ದದ್ದನ್ನ ನೆಕ್ಕಿ ಸತ್ತೇ ಹೋಯ್ತು" ಅಂದು ಮುಖ ತಿರುಗಿಸಿಕೊಂಡರು.

ಪರವಾನಗಿ ಇರುವವರ ಗಾಡಿ ಬಂದು ಆ ಡ್ರಮ್ಮನ್ನು ಖಾಲಿ ಮಾಡಿಕೊಂಡು ಹೋಗುತ್ತಿತ್ತು. ಕಾಯಿಸಿ, ಸೋಸಿ ಮತ್ತೆ ಆಯಿಲ್ ಮಾಡುತ್ತಾರಂತೆ. ಇನ್ನು ಗೇಟಿನ ಕಂಬಕ್ಕೆ ಬಳಿಯಲು, ಎತ್ತಿನ ಗಾಯಕ್ಕೆ ಸವರಲು, ಗೃಹಪ್ರವೇಶದ ದಿನ ಮನೆ ಮುಂದಿನ ಧೂಳು ಅಡಗಿಸಲು ಅಂತ ಬಾಟಲಿ ಹಿಡಿದು ಬಂದವರಿಗೆ ಖಾದರ್ ಭಾಯಿ ಒಂದು ಹನಿ ಕೊಟ್ಟವರಲ್ಲ. ನಾನೇ ಬದಲಾಯಿಸಿಕೊಳ್ಳುತ್ತೇನೆ ಅಂದಾಗ ಹೇಳಿದ್ದರು: "ಮಾಡ್ಕೊಳ್ಳಿ ಮೇಡಂ, ಬೇಜಾರಿಲ್ಲ. ಹಳೇದು ಮಾತ್ರ ತಂದು ನನ್ನ ಡ್ರಮ್ಮಿಗೇ ಸುರಿದು ಹೋಗಿ. ಯಾರಿಗೂ ಕೊಡಬೇಡಿ."

ಆಗಲಿ ಅಂದೆ. ವಿಜ್ಞಾನದ ಟೀಚರಿಗೆ ಮೆಕ್ಯಾನಿಕ್ಕಿನಿಂದ ಪಾಠವೇ ಅಂತ ಒಳಗೆ ನಕ್ಕೆ.

ನನ್ನ ಕೋಪವೆಲ್ಲಾ ಚೆಲ್ಲುವವರ ಮೇಲಿತ್ತು. ಅವರಲ್ಲಿ ಮೊದಲನೆಯವನು ಇದೇ ಸೀನ. ಟೊಮ್ಯಾಟೊ ಮಂಡಿಗೆ ಟೆಂಪೋ ಓಡಿಸುತ್ತಾನೆ. ಕೆರೆಗೆ ಹೋಗುವ ಕಾಲುವೆಯ ಮೋರಿಯ ಮೇಲೆ ಗಾಡಿ ನಿಲ್ಲಿಸುತ್ತಾನೆ, ಕೆಳಗಿನ ನಟ್ಟು ಬಿಚ್ಚುತ್ತಾನೆ, ಬೀಡಿ ಹಚ್ಚಿ ಆ ಕಡೆ ನೋಡುತ್ತಾ ಕೂರುತ್ತಾನೆ. ಒಂದು ದಿನ ಹಿಡಿದು ನಿಲ್ಲಿಸಿದೆ.

"ಏನಪ್ಪಾ ಸೀನಾ ಇದು?"

"ಆಯಿಲ್ ಟೀಚರಮ್ಮ. ನೀರಲ್ಲಿ ಹೋಗ್ಬಿಡುತ್ತೆ."

"ಎಲ್ಲಿಗೆ ಹೋಗುತ್ತೆ?"

ಅವನು ನಿಜಕ್ಕೂ ಯೋಚನೆ ಮಾಡಿದ. "ಮುಂದಕ್ಕೆ" ಅಂದ.

ಆ ಉತ್ತರವನ್ನು ಒಂಬತ್ತನೇ ತರಗತಿಗೆ ಹೇಳಿ ನಗಿಸಿದೆ. ಮಕ್ಕಳ ಕೈಯಲ್ಲಿ ಬೋರ್ಡು ಬರೆಸಿದೆ: "ಇಲ್ಲಿ ಆಯಿಲ್ ಚೆಲ್ಲಬೇಡಿ, ಇದು ನಮ್ಮೆಲ್ಲರ ನೀರು." ಮೋರಿಯ ಪಕ್ಕ ನೆಟ್ಟೆವು, ಚಪ್ಪಾಳೆ ತಟ್ಟಿದೆವು. ಮರುವಾರ ನೋಡಿದರೆ ಬೋರ್ಡಿನ ಮೇಲೆ ಸೀನ ಕೈ ಒರೆಸಿಕೊಂಡ ಬಟ್ಟೆ ಒಣಗುತ್ತಿತ್ತು. ಬಟ್ಟೆ ಹಾಕಲು ಊರಿಗೆ ಒಂದು ಒಳ್ಳೆಯ ಜಾಗವಾಯಿತು. ಪಂಚಾಯಿತಿಗೆ ಅರ್ಜಿ ಕೊಟ್ಟೆ. ಅವರು ಅದನ್ನು ತೆಗೆದುಕೊಂಡು, ತುಂಬಾ ಒಳ್ಳೆಯ ಕೈಬರಹ ಅಂದರು.

ಹಾಗಂತ ನಾನು ನನ್ನ ಆಯಿಲನ್ನು ಖಾದರ್ ಭಾಯಿಗೆ ಒಯ್ದೆನಾ? ಇಲ್ಲ. ಚಿಂತಾಮಣಿಗೆ ಹೋದಾಗ ಕ್ಯಾನು ಮನೆಯಲ್ಲಿ ಮರೆತಿರುತ್ತಿತ್ತು, ಕ್ಯಾನು ನೆನಪಾದಾಗ ಚಿಂತಾಮಣಿ ದೂರವಿರುತ್ತಿತ್ತು. ಅದಕ್ಕಿಂತ ಸುಲಭದ ದಾರಿ ಸಿಕ್ಕಿತು. ಕೇಳಿದವರಿಗೆ ಕೊಟ್ಟುಬಿಡುವುದು. ಒಬ್ಬರು ಕಂಬಕ್ಕೆ, ಒಬ್ಬರು ಗಾಡಿಯ ಅಚ್ಚಿಗೆ. ಕಾಲುವೆಗೆ ಒಂದು ಹನಿ ಹೋಗಲಿಲ್ಲ ನೋಡಿ, ಜನಕ್ಕೂ ಉಪಕಾರವಾಯಿತು ಅಂತ ನನಗೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ. ಚೆಲ್ಲುವವನಿಗೆ ತಾನು ಚೆಲ್ಲುತ್ತಿದ್ದೇನೆ ಅಂತಲಾದರೂ ತಿಳಿದಿರುತ್ತದೆ. ನನಗೆ ಅದೂ ತಿಳಿದಿರಲಿಲ್ಲ.

ಈಗ ರತ್ನಮ್ಮನ ವಿಷಯಕ್ಕೆ ಬರುತ್ತೇನೆ. ಬೇಕೆಂದೇ ತಡ ಮಾಡಿದೆ, ನಿಮಗೂ ಗೊತ್ತಾಗಿರುತ್ತದೆ.

ರತ್ನಮ್ಮ ಸೀನನ ಅಣ್ಣನ ಹೆಂಡತಿ. ಗಂಡನಿಗೆ ಗೌರಿಬಿದನೂರಿನ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ, ಭಾನುವಾರ ಬರುತ್ತಾನೆ. ಮೂರು ವರ್ಷದ ಹಿಂದೆ ಮನೆ ಭಾಗವಾಯಿತು. ತನ್ನ ಪಾಲಿನ ತೋಟದ ಪಕ್ಕದಲ್ಲಿ ರತ್ನಮ್ಮ ರೇಷ್ಮೆಹುಳು ಸಾಕಲು ಹೊಸ ಮನೆ ಕಟ್ಟಿಸಿದಳು. ಒಬ್ಬಳೇ ಹೆಂಗಸು ಹುಳ ಮೇಯಿಸುವುದುಂಟೇ ಅಂತ ಸೀನ ಊರೆಲ್ಲಾ ಹೇಳಿಕೊಂಡು ಬಂದ. ಮೊದಲ ಬೆಳೆ ಕೈಗೆ ಬಂದರೆ ಹುಳದ ಮನೆ ಅವಳದು, ಬರದಿದ್ದರೆ ಸೀನನಿಗೆ ಬಿಟ್ಟುಕೊಡಬೇಕು ಅಂತ ಹಿರಿಯರ ಎದುರೇ ಮಾತಾಗಿತ್ತು. ಅವಳು ಆಗಲಿ ಅಂದಿದ್ದಳು.

ಹುಳಕ್ಕೆ ಇರುವೆ ಯಮ. ಅದಕ್ಕೇ ಹುಳದ ತಟ್ಟೆಗಳಿರುವ ಸ್ಟ್ಯಾಂಡಿನ ಒಂದೊಂದು ಕಾಲಿನ ಕೆಳಗೂ ಒಂದು ಬಟ್ಟಲು ಇಟ್ಟು ನೀರು ತುಂಬುತ್ತಾರೆ. ಬೇಸಿಗೆ. ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಆರಿಹೋಗುತ್ತಿತ್ತು. ಒಂದು ಸಂಜೆ ರತ್ನಮ್ಮ ನಮ್ಮ ಮನೆಯ ಜಗುಲಿಯಲ್ಲಿ ಕೂತು ಅದನ್ನೇ ಹೇಳಿಕೊಳ್ಳುತ್ತಿದ್ದಳು. ಅವಳು ನನ್ನನ್ನು ಏನೂ ಕೇಳಿರಲಿಲ್ಲ, ಅದನ್ನು ಒತ್ತಿ ಹೇಳುತ್ತೇನೆ. ನಾನೇ ಎದ್ದು ಹೋಗಿ ಕ್ಯಾನು ತಂದಿಟ್ಟೆ. ನೀರು ಆವಿಯಾಗುತ್ತದೆ, ಆಯಿಲ್ ಆಗುವುದಿಲ್ಲ ಅಂತ ಪೂರ್ತಿ ಒಂದು ಪೀರಿಯಡ್ಡು ಪಾಠ ಮಾಡಿದೆ.

"ವಾಸನೆ ಬರಲ್ವಾ ಟೀಚರಮ್ಮ? ಹುಳಕ್ಕೆ ವಾಸನೆ ಆಗಲ್ಲ. ನಾವು ಹೂವ ಮುಡ್ಕೊಂಡು ಕೂಡ ಒಳಗೆ ಹೋಗಲ್ಲ."

"ಏನೂ ಆಗಲ್ಲ ಹೋಗೇ ರತ್ನಮ್ಮ. ನಾನು ಹೇಳ್ತಿಲ್ವಾ?"

ಒಯ್ದಳು. ಇರುವೆ ಒಂದೂ ಹತ್ತಲಿಲ್ಲ. ಎರಡು ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳು ಹಗಲೂ ಇರುಳೂ ಮೇಯುತ್ತದೆ, ಮನೆಯೊಳಗೆ ಮಳೆ ಬಿದ್ದ ಹಾಗೆ ಸದ್ದು. ಆ ಸದ್ದು ನಿಂತುಹೋಗಿದೆ ಅಂತ ರತ್ನಮ್ಮ ಓಡಿಬಂದಳು. ಹೋಗಿ ನೋಡಿದೆ. ಹುಳುಗಳು ತಲೆ ಎತ್ತಿಕೊಂಡು ಸುಮ್ಮನಿದ್ದವು. ಬಾಯಿಂದ ಹಸಿರು ನೀರು. ಸೊಪ್ಪು ಬಾಡದಿರಲಿ ಅಂತ ಮುಚ್ಚಿದ್ದ ಒದ್ದೆ ಗೋಣಿಯ ಒಂದು ಅಂಚು ಬಟ್ಟಲಿನೊಳಗೆ ಇಳಿದಿತ್ತು. ಅಲ್ಲಿಂದ ಕಪ್ಪು ಮೇಲಕ್ಕೆ ಹತ್ತಿ ಸೊಪ್ಪಿಗೆಲ್ಲಾ ಹಿಡಿದಿತ್ತು. ದೀಪದ ಬತ್ತಿ ಎಣ್ಣೆಯನ್ನು ಹೇಗೆ ಎಳೆಯುತ್ತದೆ ಅಂತ ನಾನು ಪ್ರತಿವರ್ಷ ಪಾಠ ಮಾಡುತ್ತೇನೆ, ಚಿತ್ರ ಬರೆದು. ಒಂದೇ ನೋಟಕ್ಕೆ ಎಲ್ಲಾ ತಿಳಿಯಿತು.

ಅಂಗಳದಲ್ಲಿ ಜನ ಸೇರಿದರು. ಸೀನ ಮುಂದೆ ನಿಂತಿದ್ದ.

"ಹೊರಗಾದಾಗ ಹುಳದ ಮನೆಗೆ ಹೋಗಿದ್ಯಾ ಅತ್ತಿಗೆ? ನಿಜ ಹೇಳು."

"ಇಲ್ಲಪ್ಪಾ, ದೇವರಾಣೆ ಇಲ್ಲ."

"ಮತ್ತೆ ಹಿಂಗ್ಯಾಕಾಯ್ತು? ನಿನ್ನ ಕೈಗುಣ ಅನ್ನಣಾ?"

ಎಲ್ಲರೂ ನನ್ನ ಕಡೆ ನೋಡಿದರು. ಓದಿದವಳು, ವಿಜ್ಞಾನದವಳು, ಮುಟ್ಟಿಗೂ ಹುಳಕ್ಕೂ ಸಂಬಂಧವಿಲ್ಲ ಅಂತ ಹೆಣ್ಣುಮಕ್ಕಳಿಗೆ ಭಾಷಣ ಮಾಡಿದವಳು. ರತ್ನಮ್ಮನೂ ನೋಡಿದಳು. ಬಾಯಿ ತೆಗೆದೆ. "ಈ ಸಲ ಬಿಸಿಲು ಜಾಸ್ತಿ" ಅಂದೆ.

ಅಷ್ಟೇ. ಬಿಸಿಲು ಎಲ್ಲರ ಹುಳದ ಮನೆಯ ಮೇಲೂ ಬಿದ್ದಿತ್ತು, ಸತ್ತದ್ದು ಅವಳದೊಂದೇ. ಹಾಗಾಗಿ ತಪ್ಪು ಅವಳದೇ ಆಯಿತು. ಹುಳದ ಮನೆ ಸೀನನಿಗೆ ಹೋಯಿತು. ಅವತ್ತಿನಿಂದ ಹುಳ ಮೇಯಿಸುವ ಯಾವ ಮನೆಯವರೂ ಅವಳನ್ನು ಹೊಸ್ತಿಲು ದಾಟಿ ಒಳಗೆ ಕರೆಯಲಿಲ್ಲ. ನಾನು ಆ ವಾರವೇ ಕ್ಯಾನು ಹೊತ್ತುಕೊಂಡು ಖಾದರ್ ಭಾಯಿ ಹತ್ತಿರ ಹೋದೆ. ಅಲ್ಲಿಂದಾಚೆ ಒಂದು ಹನಿಯೂ ಯಾರಿಗೂ ಕೊಟ್ಟಿಲ್ಲ. ತಪ್ಪು ತಿದ್ದಿಕೊಂಡೆ ಅಂತ ಎರಡು ವರ್ಷ ನಂಬಿಕೊಂಡು, ರತ್ನಮ್ಮ ಎದುರು ಬಂದರೆ ಫೋನು ಬಂದವಳಂತೆ ಕಿವಿಗೆ ಮೊಬೈಲು ಹಿಡಿದು ಓಡಾಡಿದೆ. ನಾಚಿಕೆಗೇಡು.

ಇವತ್ತು ಸೀನ "ನಮ್ಮತ್ತಿಗೆಯ ರೇಷ್ಮೆಹುಳದ ಮನೆ" ಅಂದನಲ್ಲ, ಬಾಯ್ತಪ್ಪಿ ಅಂದದ್ದೇ ಇರಬಹುದು, ಅದು ನನ್ನನ್ನು ಕುಟುಕಿತು. ಡಿಕ್ಕಿ ಮುಚ್ಚಿ ಅವನ ಹಿಂದೆಯೇ ಡೈರಿಗೆ ಹೋದೆ. ಹಾಲು ಅಳೆಯುವ ಹೊತ್ತು, ಅರ್ಧ ಊರು ಸಾಲಿನಲ್ಲಿತ್ತು, ರತ್ನಮ್ಮನೂ ಇದ್ದಳು. ಎಲ್ಲರ ಎದುರು ಹೇಳಿದೆ. ಆಯಿಲ್ ಕೊಟ್ಟದ್ದು ನಾನು, ಬಟ್ಟಲಿಗೆ ಹಾಕು ಅಂದದ್ದು ನಾನು, ಹುಳ ಸತ್ತದ್ದು ಅದರಿಂದ, ಗೋಣಿ ಕಪ್ಪಾಗಿದ್ದದ್ದನ್ನು ಕಣ್ಣಾರೆ ನೋಡಿಯೂ ಬಾಯಿ ಮುಚ್ಚಿಕೊಂಡಿದ್ದೆ. ಬೈಯುತ್ತಾರೆ ಅಂತ ಕಾದೆ.

ಯಾರೂ ಬೈಯಲಿಲ್ಲ. ಹಾಲು ಅಳೆಯುತ್ತಿದ್ದವರು ಕೈ ನಿಲ್ಲಿಸಿ, "ಎಂಥ ದೊಡ್ಡ ಮನಸ್ಸು ನೋಡಿ" ಅಂದರು. ಹಿಂದಿದ್ದ ಒಬ್ಬ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಆಯಿಲಿಗೆ ಎಲ್ಲಾದ್ರೂ ಹುಳ ಸಾಯ್ತವಾ?" ಅಂದ ಸೀನ. "ಅತ್ತಿಗೆ ಮೇಲೆ ಕನಿಕರ, ಅದಕ್ಕೆ ಟೀಚರಮ್ಮ ತಮ್ಮ ಮೇಲೆ ಹಾಕ್ಕೊಂತವ್ರೆ. ಇಂಥೋರು ಯಾರವ್ರೆ ಈಗ?" ಆಮೇಲೆ ಸ್ವಲ್ಪ ಯೋಚಿಸಿ ಸೇರಿಸಿದ: "ಒಂದು ವೇಳೆ ನಿಜಾನೇ ಅನ್ನಿ. ಹಂಗಾದ್ರೆ ನಾನು ಕಾಲುವೆಗೆ ಬಿಡೋದೇ ವಾಸಿ ಆಯ್ತಲ್ಲ!"

ಸಾಲೆಲ್ಲಾ ನಕ್ಕಿತು. ನಿಜ ಹೇಳಿ ಊರಿನಲ್ಲಿ ಇನ್ನೊಂದು ಮೆಟ್ಟಿಲು ಮೇಲೆ ಹತ್ತಿದೆ ನಾನು. ರತ್ನಮ್ಮ ಇದ್ದಲ್ಲೇ ಉಳಿದಳು.

ವಾಪಸು ಬರುವಾಗ ಅವಳು ಖಾಲಿ ಹಾಲಿನ ಕ್ಯಾನು ಹಿಡಿದು ನನ್ನ ಪಕ್ಕ ನಡೆದಳು. ಈ ಸಲ ನಾನು ಕಿವಿಗೆ ಮೊಬೈಲು ಹಿಡಿಯಲಿಲ್ಲ.

"ಬಟ್ಟಲಿಗೆ ಹಾಕಿದ ದಿನಾನೇ ನನಗೆ ವಾಸನೆ ಬಂತು ಟೀಚರಮ್ಮ. ನೀವು ಹೇಳಿದೀರಲ್ಲಾಂತ ಸುಮ್ಮನಾದೆ. ಸತ್ತ ಮೇಲೂ, ನೀವೇ ಹೇಳ್ತೀರಾಂತ ಸುಮ್ಮನಿದ್ದೆ."

"ತಪ್ಪಾಯ್ತು ರತ್ನಮ್ಮ."

"ಅವತ್ತು ಹೇಳಿದ್ರೆ ನಂಬ್ತಿದ್ರು."

ನಾನು ಅಳುತ್ತಿದ್ದೆ. ಅವಳು ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣಲಿಲ್ಲ. ತೋಟದ ದಾರಿ ತಿರುಗುವಲ್ಲಿ ನಿಂತಳು.

"ಊರು ನಿಮ್ಮನ್ನ ದೊಡ್ಡೋರು ಅಂತೈತಲ್ಲ, ಅದಾದ್ರೂ ನನ್ನ ಕೆಲಸಕ್ಕೆ ಬರಲಿ. ನಾಳೆ ಬೆಳಿಗ್ಗೆ ಬನ್ನಿ. ಹುಳದ ಮನೇಲಿರೋ ಸೀನನ ಕ್ರೇಟೆಲ್ಲಾ ನಾನೇ ಹೊರಗೆ ಹಾಕ್ತೀನಿ. ನೀವು ಬಾಗಿಲಲ್ಲಿ ನಿಂತ್ಕೊಳ್ಳಿ, ಅವನು ಬಾಯಿ ಬಿಡಲ್ಲ. ಈ ಸಲ ಹುಳ ತಂದೇ ತರ್ತೀನಿ."

"ಬರ್ತೀನಿ" ಅಂದೆ. "ಏನಾದ್ರೂ ತರಬೇಕಾ?"

ರತ್ನಮ್ಮ ಎರಡು ವರ್ಷದಲ್ಲಿ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು.

"ಬೇಡ ಟೀಚರಮ್ಮ. ಬರಿಗೈಲಿ ಬನ್ನಿ."