ಕತ್ತೆ, ಕಾಗೆ ಮತ್ತು ನಮ್ಮ ವಯಸ್ಸು

ಮೊನ್ನೆ ರಾಯಚೂರಿನ ನಮ್ಮ ಮನೆಯಲ್ಲಿ ಮಗ ತನ್ನ ಮಗಳ ಕೈಯಿಂದ ಮೊಬೈಲ್ ಕಸಿದುಕೊಂಡ. ಅವಳಿಗೆ ಹದಿನೈದು. ನೋಡುತ್ತಿದ್ದದ್ದು ಕಾರ್ಟೂನು: ಇಬ್ಬರು ಗೆಳತಿಯರು, ಒಂದಿಷ್ಟು ಪೋಲಿ ಮಾತು. "ಯವ್ವಾ, ಇದು ಈ ವಯಸ್ಸಿನ ಹುಡುಗ್ರು ನೋಡೋದೇನು? ನೀನ ಹೇಳು," ಎಂದು ಪಂಚಾಯಿತಿ ನನ್ನ ಮುಂದೆ ತಂದ. ನನಗೆ ನಗು ಬಂತು ನೋಡಿ. ವಯಸ್ಸಿನ ಲೆಕ್ಕ ಹಾಕುವವರನ್ನು ನಾನು ಬಹಳ ಹಿಂದೆಯೇ ಕಂಡಿದ್ದೇನೆ.

ಎಂಬತ್ತರ ದಶಕದ ಮಾನ್ವಿ. ನನಗೂ ಪಕ್ಕದ ಮನೆಯ ರಾಬಿಯಾಗೂ ಆಗ ಹದಿನೈದೇ. ಒಂದೇ ಬೆಂಚು, ಒಂದೇ ಛತ್ರಿ, ಬೈಸಿಕೊಳ್ಳುವುದೂ ಜೊತೆಗೇ. ಅವಳ ಮಾಮು ದುಬೈಯಿಂದ ವಿಸಿಆರ್ ತಂದಾಗ ಓಣಿಗೆ ಓಣಿಯೇ ಅವರ ಮನೆಯಲ್ಲಿ ಜಮಾಯಿಸಿತು. ಮುಂದಿನ ಕುರ್ಚಿ ಹೆಡ್‌ಮಾಸ್ತರರದು. ಮದುವೆಯಿರಲಿ, ಜಗಳವಿರಲಿ, ಮುಂದಿನ ಕುರ್ಚಿ ಅವರದೇ. ಕ್ಯಾಸೆಟ್ಟಿನ ಡಬ್ಬಿಯ ಮೇಲಿದ್ದ ಕತ್ತೆ, ಕಾಗೆ ನೋಡಿ, "ಬಣ್ಣದ ಚಿತ್ರ ಅದಾವ. ಮಕ್ಕಳದು. ಎಲ್ಲಾರೂ ಕುಂದರ್ರಿ," ಎಂದು ಅಪ್ಪಣೆ ಕೊಟ್ಟರು. ಬರೆದ ಚಿತ್ರವೆಲ್ಲ ಮಕ್ಕಳಿಗೇ ಎಂಬುದು ಅವರ ಪಾಂಡಿತ್ಯ.

ಭಾಷೆ ಇಂಗ್ಲಿಷ್. ಮಾಸ್ತರರಿಗೂ ಅದು ಅಷ್ಟಕ್ಕಷ್ಟೆ. ಆದರೆ ಅವರು ನಕ್ಕಾಗ ನಾವೆಲ್ಲ ನಗಬೇಕು. ಕತ್ತೆ, ಕಾಗೆ ಜೀವದ ಗೆಳೆಯರು. ಕುಡಿದು ಜಗಳವಾಡಿದವು. ಕಾಗೆ ಸಿಟ್ಟಿನಿಂದ ಹಾರಿಹೋಯಿತು. ಕತ್ತೆ ಅಳುತ್ತ ಚಡ್ಡಿ ಬಿಚ್ಚಿ ಹೊಳೆಗಿಳಿಯಿತು. ನಮ್ಮ ಬೀದಿಯ ಯಾವ ಕತ್ತೆಯೂ ಎಂದೂ ಚಡ್ಡಿ ಹಾಕಿದ್ದಿಲ್ಲ. ಆದರೂ ಈ ಕತ್ತೆ ಬಿಚ್ಚಿದ್ದೇ ತಡ, ಮಾಸ್ತರರು ಎದ್ದು ನಿಂತರು.

"ಹೆಣ್ಣ ಹುಡುಗ್ರು ಏಳ್ರಿ! ಇದು ನಿಮ್ಮ ವಯಸ್ಸಿಗಲ್ಲ. ಒಳಗ ಹೋಗಿ ಚಾ ಮಾಡ್ರಿ."

ನಮ್ಮದೇ ಕ್ಲಾಸಿನ ಗಂಡುಹುಡುಗರು ಕೂತೇ ಇದ್ದರು. ಅವರ ಹದಿನೈದು ಬೇರೆ ಅಂಗಡಿಯಿಂದ ತಂದದ್ದಿರಬೇಕು.

ಒಳಗೆ ಚಹಾ ಕುದಿಯುತ್ತಿತ್ತು, ಹೊರಗೆ ನಗು. "ಕಾಗಿ ತಿರುಗಿ ಬಂತೇನಬೇ?" ಎಂದಳು ರಾಬಿಯಾ. ಚಡ್ಡಿಯ ಗೊಡವೆ ನಮಗಿಬ್ಬರಿಗೂ ಇರಲಿಲ್ಲ; ಅವೆರಡೂ ಮತ್ತೆ ಕೂಡಿದವೋ ಇಲ್ಲವೋ, ಅಷ್ಟೇ ಬೇಕಿತ್ತು. ಚಿತ್ರ ಮುಗಿದ ಮೇಲೆ ಮಾಸ್ತರರು, "ಮಕ್ಕಳ ಕೈಗೆ ಸಿಗಬಾರ್ದು ನೋಡ್ರಿ," ಎನ್ನುತ್ತ ಕ್ಯಾಸೆಟ್ಟನ್ನು ಬಗಲಲ್ಲಿಟ್ಟುಕೊಂಡು ತಮ್ಮ ಮನೆಗೇ ಒಯ್ದರು. ಅವರ ಮನೆಯಲ್ಲೂ ವಿಸಿಆರ್ ಇತ್ತು. ಹೋಗುವ ದಾರಿಯಲ್ಲಿ, ಆ ಮನೆಯಲ್ಲಿ ಕೆಟ್ಟ ಚಿತ್ರ ಹಾಕುತ್ತಾರೆಂದು ನಮ್ಮಪ್ಪನ ಕಿವಿಯನ್ನೂ ಊದಿ ಹೋದರು. "ಇನ್ನ ಮ್ಯಾಲ ಆ ಮನಿ ಹೊಸ್ತಿಲ ತುಳಿಬ್ಯಾಡ," ಎಂದ ಅಪ್ಪ. ಒಂದೇ ಛತ್ರಿಯ ಗೆಳೆತನ, ಗೋಡೆಯಾಚೆಯಿಂದ ಕೆಮ್ಮಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವುದಕ್ಕೆ ಇಳಿಯಿತು.

ಮರುಬೇಸಿಗೆಗೆ ಇಬ್ಬರದೂ ಮದುವೆ. ಅವಳು ದೇವದುರ್ಗಕ್ಕೆ, ನಾನು ರಾಯಚೂರಿಗೆ. ಕತ್ತೆಯ ಬೆತ್ತಲೆ ನೋಡಲು ಸಾಲದ ವಯಸ್ಸು ತಾಳಿಗೂ ನಿಕಾಹಕ್ಕೂ ಸಾಕಾಗಿತ್ತು. ಎರಡೂ ಹಂದರದಲ್ಲಿ ಮುಂದಿನ ಕುರ್ಚಿ ಮಾಸ್ತರರದೇ. "ತಕ್ಕ ವಯಸ್ಸಿಗೆ ಮಾಡೀರಿ," ಎಂದು ಎರಡೂ ಕಡೆ ಹೊಟ್ಟೆ ತುಂಬ ಉಂಡು ಹರಸಿದರು. ಥೂ! ಆ ಸಿಟ್ಟು ಇನ್ನೂ ಆರಿಲ್ಲ.

ಮಗನ ಕೈಯಿಂದ ಮೊಬೈಲ್ ಇಸಿದುಕೊಂಡು ಮೊಮ್ಮಗಳಿಗೆ ಕೊಟ್ಟೆ. "ಹಚ್ಚವ್ವಾ, ನಾನೂ ನೋಡ್ತೀನಿ. ತಿಳೀಲಿಲ್ಲಂದ್ರ ಒಬ್ಬರನ್ನೊಬ್ಬರು ಕೇಳೋಣು," ಎಂದೆ. ಪರದೆಯ ಮೇಲೆ ಗೆಳತಿಯರು ಜಗಳವಾಡಿದರು. ಒಬ್ಬಳು ಬಾಗಿಲು ಬಡಿದು ಹೊರಟುಹೋದಳು. "ನಿಲ್ಲಸು," ಎಂದು ದೇವದುರ್ಗಕ್ಕೆ ಫೋನ್ ಹಚ್ಚಿದೆ.

"ರಾಬಿಯಾ, ಆ ಕಾಗಿ ತಿರುಗಿ ಬಂತೇನಬೇ?"

ಅವಳು ಗೊಳ್ಳನೆ ನಕ್ಕಳು. "ನನಗೇನ್ ಗೊತ್ತಬೇ? ನಾನೂ ನಿನ್ನ ಜೋಡಿ ಚಾ ಮಾಡಾಕತ್ತಿದ್ನಲ್ಲ."

"ಇಲ್ಲೂ ಇಬ್ರು ಜಗಳಾಡ್ಯಾರ. ನಾಳೆ ಮೊಮ್ಮಗಳನ್ನ ಕರಕೊಂಡು ಬರ್ತೀನಿ. ಕೊನಿತನಕ ನೋಡೋಣು."

"ಬಾ ಬಾ," ಎಂದಳು ರಾಬಿಯಾ. "ಈ ಸಲ ಚಾ ಗಂಡಸ್ರು ಮಾಡ್ಲಿ."